ಧಾನ್ಯಕೀಟ, ವಿಷಧೂಮ ಮತ್ತು ಶ್ರಾವಕನ ವ್ರತ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನು ತ್ರಸಜೀವಿಗಳ ಸಂಕಲ್ಪಹಿಂಸೆಯನ್ನು ಮನೋವಚನಕಾಯಗಳಿಂದಲೂ, ಕೃತ, ಕಾರಿತ, ಅನುಮೋದನೆಗಳಿಂದಲೂ ಬಿಡತಕ್ಕದ್ದೆಂಬುದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಉಪದೇಶವಾಗಿದೆ. ಮೂರು ಕರಣಗಳನ್ನು ಮೂರು ಯೋಗಗಳಿಂದ ಗುಣಿಸಿದರೆ ಒಂಬತ್ತು ಬಾಗಿಲುಗಳಾಗುತ್ತವೆ. ಅವುಗಳಲ್ಲಿ ಎಂಟನ್ನು ಮುಚ್ಚಿ ಒಂದನ್ನು ತೆರೆದಿಟ್ಟರೂ ಆಸ್ರವವು ಆ ಒಂದರಿಂದಲೇ ಒಳನುಗ್ಗುತ್ತದೆ. ಇದನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡುವುದು ಸುಲಭ. ಉಗ್ರಾಣದ ಬೀಗದ ಕೈಯನ್ನು ಹಿಡಿದು ನಿಂತಾಗ ಅನ್ವಯಿಸುವುದು ಕಷ್ಟ. ಆ ಕಷ್ಟವನ್ನು ಮರೆಮಾಡದೆ ವಿಚಾರ ಮಾಡುವುದೇ ಈ ಪಾಠದ ಉದ್ದೇಶ.

ದೃಷ್ಟಾಂತ

ಬೆಂಗಳೂರಿನ ರಾಜಾಜಿನಗರದಲ್ಲಿ ದಿನಸಿ ಅಂಗಡಿಯನ್ನೂ, ಯಶವಂತಪುರದ ಮಾರುಕಟ್ಟೆ ಪ್ರಾಂಗಣಕ್ಕೆ ಸಮೀಪದಲ್ಲಿ ಒಂದು ಗೋದಾಮನ್ನೂ ಇಟ್ಟುಕೊಂಡ ಶ್ರಾವಕನೊಬ್ಬನಿದ್ದಾನೆಂದು ಭಾವಿಸಬಹುದು. ಬೇಸಗೆಯಲ್ಲಿ ಆತನು ಕಲಬುರಗಿಯ ಕಡೆಯಿಂದ ಇಡಿ ತೊಗರಿಯನ್ನೂ, ಉತ್ತರದಿಂದ ಬಂದ ಗೋಧಿಯನ್ನೂ ಕೊಂಡು ಕೂಡಿಟ್ಟನು. ದೀಪಾವಳಿಯ ವೇಳೆಗೆ ಬೆಲೆ ಏರೀತೆಂಬುದು ಆತನ ಎಣಿಕೆ. ಆಷಾಢ, ಶ್ರಾವಣಗಳ ಮಳೆ ಕಳೆಯಿತು. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಹತ್ತಿರವಾದಾಗ ಗೋದಾಮು ತೆರೆದು ನೋಡಿದರೆ ಚೀಲಗಳ ಮೇಲೆ ಹಿಟ್ಟಿನಂತಹ ಧೂಳು, ತೊಗರಿಯ ಕಾಳುಗಳಲ್ಲಿ ದುಂಡನೆಯ ತೂತುಗಳು, ಗೋಡೆಯ ಮೇಲೆ ಹರಿದಾಡುವ ಕಂದು ಹುಳುಗಳು. ಪಕ್ಕದ ಗೋದಾಮಿನವರು ತಕರಾರು ಮಾಡಿದರು. ಕೀಟನಿಯಂತ್ರಣದ ವೃತ್ತಿಯವನು ಬಂದು ಲೆಕ್ಕ ಹಾಕಿ, ಒಂದು ವಾರ ಬೀಗ ಹಾಕಿದರೆ ಎಲ್ಲವೂ ಸರಿಹೋಗುತ್ತದೆಂದನು. ಮನೆಯಲ್ಲಿ ಆತನ ಪತ್ನಿ ಹತ್ತು ದಿನಗಳ ಉಪವಾಸಕ್ಕೆ ಸಿದ್ಧಳಾಗುತ್ತಿದ್ದಾಳೆ. ಆತನು ಏನು ಮಾಡತಕ್ಕದ್ದು?

ಉತ್ತರ ಹೇಳುವ ಮುನ್ನ ಆ ಜೀವಿಗಳು ಯಾವುವು, ಆ ವೃತ್ತಿಯವನು ಮಾಡುವ ಕಾರ್ಯ ಯಾವುದು ಎಂಬೆರಡನ್ನೂ ತಿಳಿಯಬೇಕು. ತಿಳಿವಿಲ್ಲದ ದಯೆಯು ಕುರುಡಾದುದು.

ಧಾನ್ಯದೊಳಗಿನ ಜೀವ

ಶಾಂತಿಸೂರಿಗಳ ಜೀವವಿಚಾರ ಪ್ರಕರಣದಲ್ಲಿ ಧಾನ್ಯಕೀಟವನ್ನು ಮೂರು ಇಂದ್ರಿಯಗಳ ಜೀವಿಗಳ ಸಾಲಿನಲ್ಲಿ ಹೆಸರಿಸಲಾಗಿದೆ. ಅಂದರೆ ಉಗ್ರಾಣದ ಹುಳುವು ಶ್ರಾವಕನ ಗಮನಕ್ಕೆ ಬಾರದ ಸೂಕ್ಷ್ಮಜೀವಿಯಲ್ಲ. ಅದು ವ್ರತದ ಮಾತಿನೊಳಗೇ ಸೇರಿದ ತ್ರಸಜೀವಿ.

ಆಧುನಿಕ ಕೀಟಶಾಸ್ತ್ರವು ಇವುಗಳ ಬದುಕನ್ನು ವಿವರವಾಗಿ ಅರಿತಿದೆ. ಅಕ್ಕಿ, ಗೋಧಿಗಳ ಮೂತಿಹುಳುವಿನ ಹೆಣ್ಣು ಕಾಳಿನಲ್ಲಿ ಚಿಕ್ಕ ಗುಳಿ ಕೊರೆದು, ಒಂದು ಮೊಟ್ಟೆಯಿಟ್ಟು, ಅಂಟಿನಂತಹ ದ್ರವದಿಂದ ಬಾಯಿ ಮುಚ್ಚುತ್ತದೆ. ಮರಿಯು ಕಾಳಿನೊಳಗೇ ತಿಂದು, ಕೋಶಾವಸ್ಥೆಯನ್ನು ಕಳೆದು, ಬೆಚ್ಚಗಿನ ಹವೆಯಲ್ಲಿ ಸುಮಾರು ನಾಲ್ಕೈದು ವಾರಗಳಲ್ಲಿ ಹೊರಬರುತ್ತದೆ. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ಮುನ್ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲದು. ತೊಗರಿ, ಹೆಸರು, ಕಡಲೆ, ಅಲಸಂದೆಗಳ ದುಂಬಿಯು ಕಾಳಿನ ಮೇಲೆ ಮೊಟ್ಟೆ ಅಂಟಿಸುತ್ತದೆ. ಅನೇಕ ಸಲ ಇದು ಹೊಲದಲ್ಲಿ ಕಾಯಿಯ ಮೇಲೆಯೇ ಮೊದಲಾಗುತ್ತದೆ. ಆದಕಾರಣ ಕಣ್ಣಿಗೆ ಶುಚಿಯಾಗಿ ಕಾಣುವ ಚೀಲದಲ್ಲಿಯೂ ಜೀವವಿರಬಹುದು. ಕೆಂಪು ಹಿಟ್ಟಿನ ದುಂಬಿಯು ನುಚ್ಚು, ರವೆ, ಹಿಟ್ಟುಗಳಲ್ಲಿ ಬೆಳೆಯುತ್ತದೆ. ಕಪ್ರಾ ದುಂಬಿಯ ಮರಿಗಳು ಗೋಡೆಯ ಬಿರುಕುಗಳಲ್ಲಿ ಆಹಾರವಿಲ್ಲದೆ ವರ್ಷಗಟ್ಟಲೆ ಸುಪ್ತವಾಗಿರಬಲ್ಲವು.

ಇವುಗಳ ವೃದ್ಧಿಗೆ ಉಷ್ಣತೆ ಮತ್ತು ತೇವ ಎಂಬ ಎರಡು ಕಾರಣಗಳು ಮುಖ್ಯ. ತೀರ ಚಳಿಯ ದೇಶಗಳಲ್ಲಿ ಹಿಮಗಾಲವೇ ಇವುಗಳ ಸಂತಾನವನ್ನು ತಡೆಯುತ್ತದೆ. ಬೆಂಗಳೂರಿನ ಸೌಮ್ಯ ಹವೆಯಲ್ಲಿ ಅಂತಹ ತಡೆ ಯಾವ ಋತುವಿನಲ್ಲಿಯೂ ಇಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಯು ಇದಕ್ಕೆ ತೇವವನ್ನೂ ಸೇರಿಸುತ್ತದೆ. ಧಾನ್ಯದ ತೇವಾಂಶ ಶೇಕಡಾ 12ಕ್ಕಿಂತ ಮೇಲಿದ್ದರೆ ಕೀಟಕ್ಕೆ ಅನುಕೂಲ. ಶೇಕಡಾ 9ರ ಆಸುಪಾಸಿಗೆ ಇಳಿದರೆ ಮೂತಿಹುಳುವಿನ ಸಂತಾನ ಬಹುತೇಕ ನಿಂತುಹೋಗುತ್ತದೆ. ಮಳೆಗಾಲದಲ್ಲಿ ಜೀವೋತ್ಪತ್ತಿ ಅಧಿಕವೆಂದು ಚಾತುರ್ಮಾಸದ ನಿಯಮಗಳನ್ನು ವಿಧಿಸಿದ ಪೂರ್ವಾಚಾರ್ಯರ ದೃಷ್ಟಿಯು ಉಗ್ರಾಣದ ಬಾಗಿಲಿಗೂ ಅನ್ವಯಿಸುತ್ತದೆ.

ವಿಷಧೂಮದ ಕ್ರಮ

ಧಾನ್ಯಕ್ಕೆ ಧೂಮ ಹಾಕುವುದೆಂದು ಜನರು ಹೇಳುವುದುಂಟು. ವಾಸ್ತವದಲ್ಲಿ ಅದು ಹೊಗೆಯಲ್ಲ, ಅನಿಲ. ಭಾರತದ ಉಗ್ರಾಣಗಳಲ್ಲಿ ಈಗ ಮುಖ್ಯವಾಗಿ ಬಳಕೆಯಲ್ಲಿರುವುದು ಅಲ್ಯೂಮಿನಿಯಂ ಫಾಸ್ಫೈಡ್ ಎಂಬ ವಸ್ತು. ಗಾಳಿಯ ತೇವ ತಾಕಿದೊಡನೆ ಇದು ಫಾಸ್ಫೀನ್ ಎಂಬ ಅನಿಲವನ್ನು ಬಿಡತೊಡಗುತ್ತದೆ. 3 ಗ್ರಾಮಿನ ಮಾತ್ರೆಯೊಂದು 1 ಗ್ರಾಮಿನಷ್ಟು ಫಾಸ್ಫೀನನ್ನು ಕೊಡುತ್ತದೆ. ಚೀಲಗಳ ರಾಶಿಗೆ ಅನಿಲ ತೂರದ ಹೊದಿಕೆ ಹೊದಿಸಿ, ಅದರ ಅಂಚನ್ನು ಮರಳು ತುಂಬಿದ ಉದ್ದನೆಯ ಚೀಲಗಳಿಂದ ನೆಲಕ್ಕೆ ಒತ್ತಿ, ಐದರಿಂದ ಏಳು ದಿನಗಳವರೆಗೆ ಮುಚ್ಚಿಡುತ್ತಾರೆ. ಮೊಟ್ಟೆ ಮತ್ತು ಕೋಶದ ಅವಸ್ಥೆಯ ಜೀವಿಗಳು ಅನಿಲವನ್ನು ಹೆಚ್ಚು ಕಾಲ ತಾಳಿಕೊಳ್ಳುವುದರಿಂದ ಇಷ್ಟು ದಿನಗಳು ಬೇಕಾಗುತ್ತವೆ. ಅನಿಲವು ಕಾಳಿನ ಒಳಗಿಗೂ ಹೊಕ್ಕು ಜೀವಕೋಶಗಳ ಉಸಿರಾಟವನ್ನೇ ತಡೆಯುತ್ತದೆ.

ಮೀಥೈಲ್ ಬ್ರೋಮೈಡ್ ಎಂಬ ಮತ್ತೊಂದು ಅನಿಲವು ಒಂದೆರಡು ದಿನಗಳಲ್ಲೇ ಕೆಲಸ ಮುಗಿಸುತ್ತಿತ್ತು. ಅದು ಆಕಾಶದ ಓಜೋನ್ ಪದರವನ್ನು ಕೆಡಿಸುವುದೆಂದು ತಿಳಿದು, 1987ರ ಮಾಂಟ್ರಿಯಲ್ ಒಪ್ಪಂದದ ವ್ಯಾಪ್ತಿಗೆ 1992ರಲ್ಲಿ ಅದನ್ನು ಸೇರಿಸಲಾಯಿತು. ಅಭಿವೃದ್ಧಿಶೀಲ ದೇಶಗಳಿಗೆ 2015 ಗಡುವಾಯಿತು. ಈಗ ಅದು ರಫ್ತು ಮತ್ತು ಸಸ್ಯಸಂಪರ್ಕನಿಷೇಧದಂತಹ ಕಾರ್ಯಗಳಿಗೆ ಸೀಮಿತ. ಪೀಣ್ಯದ ಕಾರ್ಖಾನೆಗಳಿಂದ ಹೊರದೇಶಗಳಿಗೆ ಹೋಗುವ ಯಂತ್ರಗಳ ಮರದ ಪೆಟ್ಟಿಗೆಗಳನ್ನೂ ಇದರಿಂದಲೋ, ಮರದ ಒಡಲು 56 ಡಿಗ್ರಿ ಉಷ್ಣತೆಯಲ್ಲಿ 30 ನಿಮಿಷ ಇರುವಂತೆ ಕಾಯಿಸಿಯೋ ಕೀಟರಹಿತವೆಂದು ಮುದ್ರೆ ಒತ್ತುವುದುಂಟು.

ಇಲ್ಲಿ ಇನ್ನೊಂದು ಸಂಗತಿ ಸ್ಮರಣೀಯ. ಒಂದು ಕಾಲದಲ್ಲಿ ಇ.ಡಿ.ಬಿ. ಎಂಬ ದ್ರವದ ಗಾಜಿನ ಕೊಳವೆಗಳನ್ನು ಮನೆಯ ಧಾನ್ಯದ ಡಬ್ಬಿಗಳಲ್ಲಿ ಒಡೆದಿಡಲು ಜನರಿಗೆ ಸಲಹೆ ನೀಡಲಾಗುತ್ತಿತ್ತು. ಅದು ಮನುಷ್ಯರಿಗೆ ಹಾನಿಕರವೆಂದು ಕಂಡುಬಂದು, ಭಾರತದಲ್ಲಿ 2001ರಲ್ಲಿ ನಿಷೇಧಿಸಲ್ಪಟ್ಟಿತು. ಅದೇ ವರ್ಷ ಅಲ್ಯೂಮಿನಿಯಂ ಫಾಸ್ಫೈಡಿನ 10 ಮತ್ತು 20 ಮಾತ್ರೆಗಳ ಕೊಳವೆಗಳೂ ನಿಷಿದ್ಧವಾದವು. ಈ ವಸ್ತುವನ್ನು ಸರ್ಕಾರ, ಸರ್ಕಾರದ ಸಂಸ್ಥೆಗಳು ಮತ್ತು ಅಧಿಕೃತ ಕೀಟನಿಯಂತ್ರಕರಿಗಲ್ಲದೆ ಇತರರಿಗೆ ಮಾರಬಾರದೆಂಬುದು ನಿಯಮ. ಆದರೂ ಗೋಧಿಯ ಡ್ರಮ್ಮಿನಲ್ಲಿ ಮಾತ್ರೆಯಿಟ್ಟು ಅದೇ ಕೋಣೆಯಲ್ಲಿ ಮಲಗಿದ ಕುಟುಂಬಗಳು ಬೆಳಗಾಗುವುದರೊಳಗೆ ಪ್ರಾಣ ಕಳೆದುಕೊಂಡ ಪ್ರಸಂಗಗಳು ದೇಶದಲ್ಲಿ ನಡೆದಿವೆ. ಫಾಸ್ಫೀನ್ ವಿಷಕ್ಕೆ ನಿರ್ದಿಷ್ಟವಾದ ಪ್ರತ್ಯೌಷಧವಿಲ್ಲ.

ವಿಷಧೂಮದ ಫಲವು ಶಾಶ್ವತವೂ ಅಲ್ಲ. ಹೊದಿಕೆ ತೆಗೆದು ಗಾಳಿಯಾಡಿಸಿದ ದಿನದಿಂದಲೇ ಧಾನ್ಯವು ಹೊಸ ಕೀಟಕ್ಕೆ ತೆರೆದಿರುತ್ತದೆ. ಹರಿದ ಹೊದಿಕೆಯಿಂದ ಅರ್ಧಂಬರ್ಧ ಮಾಡಿದ ಧೂಮವಂತೂ ಇನ್ನೂ ಕೆಟ್ಟದ್ದು. ತಾಳಿಕೊಳ್ಳಬಲ್ಲ ಕೀಟಗಳು ಉಳಿದು ಅವುಗಳ ಸಂತಾನ ಬೆಳೆಯುತ್ತದೆ. ಮುಂದಿನ ಸಲ ಹೆಚ್ಚು ವಿಷ, ಹೆಚ್ಚು ದಿನ, ಹೆಚ್ಚು ಘಾತ. ಹೀಗೆ ವಿಷವನ್ನೇ ನಂಬಿದ ಉಗ್ರಾಣದಲ್ಲಿ ಹಿಂಸೆಗೆ ಕೊನೆಯೆಂಬುದಿಲ್ಲ.

ಇದು ಯಾವ ಹಿಂಸೆ?

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದು ರೂಢಿ. ಅಡಿಗೆ, ಕಸಗುಡಿಸುವಿಕೆಗಳಲ್ಲಿ ಆಗುವುದು ಆರಂಭೀ. ಕೃಷಿ, ವಾಣಿಜ್ಯಗಳಲ್ಲಿ ಆಗುವುದು ಉದ್ಯೋಗೀ. ಎಂಟನೆಯದಾದ ಆರಂಭತ್ಯಾಗ ಪ್ರತಿಮೆಯನ್ನು ಏರದ ಶ್ರಾವಕನು ಇವುಗಳನ್ನು ಪೂರ್ಣವಾಗಿ ಬಿಡಲಾರನು. ಸಂಕಲ್ಪೀ ಹಿಂಸೆಯನ್ನು ಮಾತ್ರ ಬಿಟ್ಟೇ ತೀರಬೇಕು.

ಅನೇಕರು ಇಲ್ಲಿಯೇ ನಿಂತು, ವಿಷಧೂಮವು ವ್ಯಾಪಾರಕ್ಕೆ ಸಂಬಂಧಿಸಿದ್ದಾದಕಾರಣ ಅದು ಉದ್ಯೋಗೀ ಹಿಂಸೆಯೆಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಈ ಸಮಾಧಾನ ಗಟ್ಟಿಯಾದುದಲ್ಲ. ಸೋಮದೇವಸೂರಿಗಳು ಯಶಸ್ತಿಲಕದಲ್ಲಿ ಒಕ್ಕಲಿಗನನ್ನೂ ಬೆಸ್ತನನ್ನೂ ಹೋಲಿಸಿದ್ದಾರೆ. ನೇಗಿಲಿನಿಂದ ಅನೇಕ ಜೀವಿಗಳು ಸತ್ತರೂ ಒಕ್ಕಲಿಗನ ಮನಸ್ಸು ಬೆಳೆಯ ಮೇಲಿದೆ. ಬಲೆಗೆ ಒಂದು ಮೀನೂ ಬೀಳದಿದ್ದರೂ ಬೆಸ್ತನ ಮನಸ್ಸು ಕೊಲ್ಲುವುದರ ಮೇಲಿದೆ. ಪಾಪದ ತೂಕವು ಅಭಿಪ್ರಾಯವನ್ನು ಅನುಸರಿಸುತ್ತದೆಂಬುದು ಅದರ ತಾತ್ಪರ್ಯ. ಈಗ ಕೇಳಿಕೊಳ್ಳಬೇಕು: ಮಾತ್ರೆಯನ್ನು ಇಡಿಸುವ ಕೈ ಇವರಿಬ್ಬರಲ್ಲಿ ಯಾರ ಕೈಗೆ ಹತ್ತಿರ? ಧಾನ್ಯರಕ್ಷಣೆ ಉದ್ದೇಶವೆಂಬುದು ನಿಜ. ಆದರೆ ಆ ಏಳು ದಿನಗಳ ಕ್ರಿಯೆಗೆ ಕೀಟದ ಮರಣವಲ್ಲದೆ ಬೇರೆ ಫಲವಿಲ್ಲ. ಕೀಟ ಸಾಯದಿದ್ದರೆ ಕೆಲಸ ಕೆಟ್ಟಿತೆಂದೇ ಎಣಿಕೆ. ಆದಕಾರಣ ಇದಕ್ಕೆ ಉದ್ಯೋಗವೆಂಬ ಹೆಸರು ಕೊಟ್ಟು ನಿಶ್ಚಿಂತನಾಗುವುದು ವ್ರತಿಗೆ ತರವಲ್ಲ.

ಕೂಲಿ ಕೊಟ್ಟು ಮತ್ತೊಬ್ಬನಿಂದ ಮಾಡಿಸಿದರೆ ದೋಷವು ಆತನದೆಂಬ ವಾದವೂ ನಿಲ್ಲದು, ಅದು ಕಾರಿತ. ಗೋದಾಮಿನ ಮಾಲೀಕನು ತಾನಾಗಿ ಮಾಡಿಸಲೆಂದು ಸುಮ್ಮನಿದ್ದು ಒಳಗೊಳಗೆ ಸಂತೋಷಪಟ್ಟರೆ ಅನುಮೋದನೆ. ಹುಳು ಹಿಡಿದ ಮಾಲನ್ನು ಮುಚ್ಚಿಟ್ಟು ಮಾರಿಬಿಟ್ಟರೆ ಹಿಂಸೆಯು ಕೊಂಡವನ ಮನೆಗೆ ವರ್ಗವಾಯಿತಷ್ಟೇ. ಜೊತೆಗೆ ಸತ್ಯಾಣುವ್ರತವೂ ಮುರಿಯಿತು. ವಿಷವಾಣಿಜ್ಯವು ಹದಿನೈದು ಕರ್ಮಾದಾನಗಳಲ್ಲಿ ಸೇರಿದೆ. ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವುದು ಹಿಂಸಾದಾನವೆಂಬ ಅನರ್ಥದಂಡ. ಆದಕಾರಣ ಈ ಮಾತ್ರೆಗಳನ್ನು ಅಂಗಡಿಯಲ್ಲಿ ಮಾರುವುದಾಗಲಿ, ನೆರೆಯವರಿಗೆ ಉಪಕಾರವೆಂದು ಕೊಡುವುದಾಗಲಿ ವ್ರತಿಗೆ ಸಲ್ಲದು. ರಾಜನಿಯಮವೂ ಅದನ್ನೇ ಹೇಳುತ್ತದೆ.

ಉತ್ತರವಿರುವುದು ಐದನೆಯ ವ್ರತದಲ್ಲಿ

ಈ ಪ್ರಶ್ನೆಯನ್ನು ಮೊದಲನೆಯ ಅಣುವ್ರತದ ಪ್ರಕರಣದಲ್ಲಿ ಮಾತ್ರ ಹುಡುಕುವವರಿಗೆ ದಾರಿ ಕಾಣುವುದಿಲ್ಲ. ಉತ್ತರವಿರುವುದು ಪರಿಗ್ರಹಪರಿಮಾಣದಲ್ಲಿ. ತತ್ತ್ವಾರ್ಥಸೂತ್ರವು ಈ ವ್ರತದ ಅತಿಚಾರಗಳಲ್ಲಿ ಧನಧಾನ್ಯಗಳ ಮಿತಿಯನ್ನು ಮೀರುವುದನ್ನು ಹೇಳಿದೆ. ರತ್ನಕರಂಡಕವು ಅತಿಸಂಗ್ರಹವನ್ನು ಪ್ರತ್ಯೇಕವಾಗಿ ಹೆಸರಿಸಿದೆ. ಅದರ ಟೀಕಾಕಾರರಾದ ಪ್ರಭಾಚಂದ್ರರು ಈ ಪದವನ್ನು ವಿವರಿಸುತ್ತ, ಧಾನ್ಯಾದಿಗಳು ಮುಂದೆ ವಿಶೇಷ ಲಾಭ ಕೊಡುವುವೆಂಬ ಲೋಭದಿಂದ ಅತಿಯಾಗಿ ಕೂಡಿಡುವುದನ್ನೇ ಉದಾಹರಿಸಿದ್ದಾರೆ. ದೃಷ್ಟಾಂತದ ಶ್ರಾವಕನು ಬೇಸಗೆಯಲ್ಲಿ ಮಾಡಿದುದು ಇದನ್ನೇ ಅಲ್ಲವೆ?

ಆತನು ಭಾದ್ರಪದದಲ್ಲಿ ಧರ್ಮಸಂಕಟ ಬಂದಿತೆಂದು ತಿಳಿದನು. ಸಂಕಟದ ಬೀಜ ಬಿದ್ದುದು ವೈಶಾಖದಲ್ಲಿ. ಅಂಗಡಿಗೆ ಒಂದು ತಿಂಗಳಿಗೆ ಬೇಕಾದಷ್ಟನ್ನೇ ತಂದು ಮಾರಿದ್ದರೆ, ಮೂತಿಹುಳುವಿನ ಒಂದು ತಲೆಮಾರು ಪೂರೈಸುವ ಮುನ್ನವೇ ಧಾನ್ಯವು ಜನರ ಒಲೆಯನ್ನು ಸೇರುತ್ತಿತ್ತು. ತೇವ ನೋಡದೆ ತುಂಬಿದ ದಿನ, ಬಿರುಕು ಮುಚ್ಚದ ದಿನ, ಹೊಸ ಚೀಲವನ್ನು ಹಳೆಯದರ ಮೇಲೆ ಒಟ್ಟಿದ ದಿನ, ಇವೆಲ್ಲ ಪ್ರಮಾದದ ದಿನಗಳು. ಪ್ರಮಾದದ ಯೋಗದಿಂದಾಗುವ ಪ್ರಾಣಘಾತವೇ ಹಿಂಸೆಯೆಂದು ಉಮಾಸ್ವಾಮಿಗಳು ಲಕ್ಷಣ ಹೇಳಿದ್ದಾರಾಗಿ, ಆ ಹಿಂಸೆಯು ಮಾತ್ರೆಯಿಂದ ಆರಂಭವಾಗುವುದಿಲ್ಲ.

ಉಗ್ರಾಣದಲ್ಲಿ ಯತ್ನಾಚಾರ

ಜೀವೋತ್ಪತ್ತಿಯನ್ನು ಮೊದಲೇ ತಡೆಯುವುದು, ಹುಟ್ಟಿದ ಜೀವವನ್ನು ಕೊಲ್ಲುವುದಕ್ಕಿಂತ ಶ್ರೇಷ್ಠ. ಅದಕ್ಕೆ ಈ ಕ್ರಮಗಳು ಸಹಕಾರಿ:

1. ಧಾನ್ಯವನ್ನು ಕೊಳ್ಳುವಾಗಲೇ ತೇವಮಾಪಕದಿಂದ ಪರೀಕ್ಷಿಸಿ, ಚೆನ್ನಾಗಿ ಒಣಗಿದ್ದನ್ನು ಮಾತ್ರ ತರುವುದು. ಶಂಕೆಯಿದ್ದರೆ ತುಂಬುವ ಮುನ್ನ ಬಿಸಿಲಿಗೆ ಹರಡುವುದು.

2. ಹೊಸ ಧಾನ್ಯ ಬರುವ ಮುನ್ನ ಗೋದಾಮನ್ನು ಮೃದುವಾದ ಪೊರಕೆಯಿಂದ ಗುಡಿಸಿ, ಬಿರುಕುಗಳನ್ನು ಗಾರೆಯಿಂದ ಮುಚ್ಚಿ, ಸುಣ್ಣ ಬಳಿಯುವುದು. ಗುಡಿಸಿದ ನುಚ್ಚಿನೊಡನೆ ಬಂದ ಜೀವಿಗಳನ್ನು ನೆರಳಿನ ಸ್ಥಳದಲ್ಲಿ ಬಿಡುವುದು.

3. ಚೀಲಗಳನ್ನು ನೆಲಕ್ಕೆ ತಾಗಿಸದೆ ಮರದ ಹಲಗೆಗಳ ಮೇಲಿಟ್ಟು, ಗೋಡೆಯಿಂದ ಸಾಕಷ್ಟು ಅಂತರ ಬಿಡುವುದು. ಮೊದಲು ಬಂದುದನ್ನು ಮೊದಲು ಮಾರುವುದು.

4. ಇಡಿ ಕಾಳಿಗಿಂತ ಬೇಳೆಯನ್ನು ಇಡುವುದು. ಕಾಳಿನ ದುಂಬಿಯು ಇಡಿ ಕಾಳನ್ನೇ ಆಶ್ರಯಿಸುವುದರಿಂದ ಬೇಳೆಗೆ ಅದರ ಬಾಧೆ ಕಡಿಮೆ.

5. ಮನೆಯಲ್ಲಿ ಬೇವಿನ ಎಲೆ, ಲಕ್ಕಿ ಸೊಪ್ಪು, ಬಜೆಗಳನ್ನು ಡಬ್ಬಿಯಲ್ಲಿಡುವ ಹಿರಿಯರ ಪದ್ಧತಿಯನ್ನು ಉಳಿಸಿಕೊಳ್ಳುವುದು. ತೊಗರಿಗೆ ಹರಳೆಣ್ಣೆ ಸವರುವುದಾದರೆ ಹುಳು ಕಾಣುವ ಮುನ್ನವೇ, ಒಣಗಿಸಿ ಶೋಧಿಸಿದ ಕಾಳಿಗೆ ಸವರಬೇಕು. ಮೊಟ್ಟೆ ಬಿದ್ದ ಮೇಲೆ ಸವರಿದರೆ ಎಣ್ಣೆಯೂ ಘಾತಕವೇ.

ಗಾಳಿಯಾಡದ ಹೊಸ ಬಗೆಯ ಚೀಲಗಳ ವಿಷಯದಲ್ಲಿಯೂ ಭ್ರಾಂತಿ ಬೇಡ. ಒಳಗೆ ಕೀಟವಿದ್ದರೆ ಅದು ಉಸಿರಿಲ್ಲದೆ ಸಾಯುತ್ತದೆ. ವಿಷವಿಲ್ಲವೆಂಬ ಮಾತ್ರಕ್ಕೆ ಹಿಂಸೆಯಿಲ್ಲವೆಂದಾಗದು. ಶುದ್ಧವಾದ ಒಣ ಧಾನ್ಯವನ್ನು ಮೊದಲಿನಿಂದಲೇ ಕಾಪಾಡಲು ಅವು ಉಪಯುಕ್ತ. ಹಳೆಯ ಮೈಸೂರು ಸೀಮೆಯ ಹಗೇವುಗಳೂ ಇದೇ ತತ್ತ್ವದವು. ರಾಗಿಯ ಕಾಳು ಸಣ್ಣದಾಗಿ ಕೀಟಕ್ಕೆ ಸುಲಭವಾಗಿ ಎಡೆಗೊಡದು. ಚೆನ್ನಾಗಿ ಒಣಗಿಸಿ ಹಗೇವಿನಲ್ಲಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಕೆಟ್ಟ ಗಾಳಿಗೆ ಮನುಷ್ಯ ಬಲಿಯಾದಾನೆಂದು ಇಳಿಯುವ ಮುನ್ನ ಬಾಯಿ ತೆರೆದಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ಅದು ಒಕ್ಕಲು ಮಕ್ಕಳ ಯತ್ನಾಚಾರ.

ಅಡಿಗೆಮನೆಯ ಗೃಹಿಣಿಗೆ ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನವೆಂದು ದಿಗಂಬರ ಪರಂಪರೆ ವಿಧಿಸಿದೆ. ಅಂಗಡಿಯ ಯಜಮಾನನಿಗೂ ಅಂತಹ ಮರ್ಯಾದೆ ಇರಬೇಡವೆ?

ಅನಿವಾರ್ಯವಾದಲ್ಲಿ

ಪ್ರಮಾದವು ಆಗಿಹೋದ ಮೇಲೆ ಏನು ಗತಿ? ಗುಜರಾತಿನ ಕೆಲವು ಪಾಂಜರಾಪೋಳಗಳಲ್ಲಿ ಹುಳು ಹಿಡಿದ ಧಾನ್ಯವನ್ನು ತಂದಿಡಲು ಪ್ರತ್ಯೇಕ ಕೋಣೆಗಳಿದ್ದುವು. ಅಲ್ಲಿ ಆ ಜೀವಿಗಳು ತಮ್ಮ ಆಯುಷ್ಯವನ್ನು ಕಳೆಯುತ್ತಿದ್ದುವು. ಎಲ್ಲವನ್ನೂ ಹಾಗೆ ಮಾಡಲು ಶಕ್ತಿಯಿಲ್ಲದವನೂ ಹೆಚ್ಚು ಕೆಟ್ಟ ಚೀಲಗಳನ್ನು ಬೇರ್ಪಡಿಸಿ, ಲಾಭದ ಆಸೆ ಬಿಟ್ಟು, ದೂರದಲ್ಲಿ ಹಾಗೆಯೇ ಇಡಬಹುದು. ಉಳಿದುದನ್ನು ಜರಡಿ ಹಿಡಿದು, ಹೊರಗಿನ ಜೀವಿಗಳನ್ನು ನುಚ್ಚಿನೊಡನೆ ನೆರಳಿಗೆ ಬಿಡಬಹುದು. ಕಾಳಿನೊಳಗಿನವುಗಳು ಇದರಿಂದ ಉಳಿಯುವುದಿಲ್ಲವೆಂಬುದನ್ನು ಮಾತ್ರ ಮರೆಯಬಾರದು.

ನೆರೆಯ ಗೋದಾಮುಗಳಿಗೆ ಹರಡುವ ಭಯದಿಂದಲೋ, ಜನರ ಆಹಾರದ ದೊಡ್ಡ ರಾಶಿ ಹಾಳಾಗುವ ಕಾರಣದಿಂದಲೋ ವಿಷಧೂಮವು ತಪ್ಪದೆ ಬಂದರೆ, ಪಂಚೇಂದ್ರಿಯ ಮನುಷ್ಯನ ಪ್ರಾಣರಕ್ಷಣೆಯ ಹೊಣೆಯಾದರೂ ಪೂರ್ಣವಾಗಿ ನೆರವೇರಬೇಕು. ಅನುಮತಿಪತ್ರವಿರುವ ನುರಿತವರಿಂದಲೇ ಮಾಡಿಸಬೇಕು. ವಾಸದ ಮನೆಯಲ್ಲಿ, ಅದಕ್ಕೆ ಹೊಂದಿದ ಕೋಣೆಯಲ್ಲಿ, ಮೇಲ್ಮಹಡಿಯಲ್ಲಿ ಜನರಿರುವ ಮಳಿಗೆಯಲ್ಲಿ ಎಂದಿಗೂ ಕೂಡದು. ಫಾಸ್ಫೀನ್ ಗಾಳಿಯೊಡನೆ ಸುಲಭವಾಗಿ ಬೆರೆತು ಬಿರುಕುಗಳಲ್ಲಿ ನುಸುಳುತ್ತದೆ. ಬೆಳ್ಳುಳ್ಳಿಯಂತಹ ವಾಸನೆಯನ್ನು ನಂಬುವಂತಿಲ್ಲ, ಏಕೆಂದರೆ ಶುದ್ಧ ಅನಿಲಕ್ಕೆ ವಾಸನೆಯೇ ಇಲ್ಲ. ಹಮಾಲರಿಗೂ ಕಾವಲುಗಾರನಿಗೂ ಕನ್ನಡದಲ್ಲಿ ಬರೆದ ಎಚ್ಚರಿಕೆ ಇರಬೇಕು. ಕಾವಲುಗಾರನು ಆ ರಾತ್ರಿಗಳಲ್ಲಿ ಗೋದಾಮಿನ ಒಳಗಾಗಲಿ, ಪಕ್ಕದಲ್ಲಾಗಲಿ ಮಲಗಬಾರದು. ತೆರೆದ ಬಳಿಕ ಗಾಳಿಯಾಡಿಸಿ, ಅನಿಲಮಾಪಕದಿಂದ ನೋಡಿದ ಮೇಲೆಯೇ ಪ್ರವೇಶ. ತಲೆನೋವು, ವಾಕರಿಕೆ, ಎದೆಬಿಗಿತ ಕಂಡವರನ್ನು ಕೂಡಲೇ ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಬೇಕು.

ಇಷ್ಟಾದರೂ ಆ ಧಾನ್ಯವು ವ್ರತಿಯ ಎಲೆಗೆ ಬರಲಾರದು. ಹುಳು ಕೊರೆದ ವಿದ್ಧಧಾನ್ಯ ಅಭಕ್ಷ್ಯ. ವಿಷಧೂಮವು ಒಳಗಿನ ಜೀವವನ್ನು ಕಳೇಬರವನ್ನಾಗಿ ಮಾಡುತ್ತದೆಯೇ ಹೊರತು ಧಾನ್ಯವನ್ನು ಶುದ್ಧಗೊಳಿಸುವುದಿಲ್ಲ. ಪತ್ನಿಯ ಉಪವಾಸದ ಪಾರಣೆಗೆ ಆತನು ಬೇರೆ ಶೋಧಿತ ಧಾನ್ಯವನ್ನೇ ತರಬೇಕು. ತನ್ನ ಗೋದಾಮಿನ ತೊಗರಿಯನ್ನು ತನ್ನ ಮನೆಯ ಪಾರಣೆಗೆ ಬಳಸಲಾರೆನೆಂಬ ಅರಿವು ಆ ದಿನ ಆತನಿಗೆ ಆದರೆ, ಅದೇ ಆಲೋಚನೆಯ ಆರಂಭ. ಗುರುಗಳ ಸನ್ನಿಧಿಯಲ್ಲಿ ನಡೆದುದನ್ನು ಮುಚ್ಚದೆ ನಿವೇದಿಸಿ, ಕೊಟ್ಟ ಪ್ರಾಯಶ್ಚಿತ್ತವನ್ನು ಸ್ವೀಕರಿಸಿ, ಮುಂದಿನ ವರ್ಷಕ್ಕೆ ಧಾನ್ಯಸಂಗ್ರಹದ ಮಿತಿಯನ್ನು ಚೀಲಗಳ ಲೆಕ್ಕದಲ್ಲಿ ಬರೆದಿಡುವುದು ಆತನ ಕರ್ತವ್ಯ. ಕ್ಷಮಾವಾಣಿಯ ದಿನ ಸಕಲ ಜೀವಿಗಳಲ್ಲಿ ಕ್ಷಮೆ ಬೇಡುವಾಗ, ಬೀಗ ಹಾಕಿದ ಆ ಕೋಣೆಯೂ ನೆನಪಿಗೆ ಬರತಕ್ಕದ್ದು.

ಮನನಕ್ಕಾಗಿ ಪ್ರಶ್ನೆಗಳು

1. ವಿಷಧೂಮವನ್ನು ಉದ್ಯೋಗೀ ಹಿಂಸೆಯೆಂದು ಕರೆಯಲು ಇರುವ ಅಡ್ಡಿ ಯಾವುದು? ಒಕ್ಕಲಿಗ, ಬೆಸ್ತರ ಹೋಲಿಕೆಯಿಂದ ವಿವರಿಸಿರಿ.

2. ಕೂಲಿ ಕೊಟ್ಟು ಮಾಡಿಸುವುದರಿಂದ ಒಂಬತ್ತು ಭಂಗಗಳಲ್ಲಿ ಯಾವುವು ಮುರಿಯುತ್ತವೆ?

3. ಪರಿಗ್ರಹಪರಿಮಾಣವು ಅಹಿಂಸಾಣುವ್ರತವನ್ನು ಹೇಗೆ ಕಾಯುತ್ತದೆ?

4. ಧೂಮ ಹಾಕಿದ ಧಾನ್ಯವು ವ್ರತಿಗೆ ಏಕೆ ಭಕ್ಷ್ಯವಲ್ಲ?

5. ನಿಮ್ಮ ಮನೆಯಲ್ಲಿ ಈಗ ಎಷ್ಟು ತಿಂಗಳ ಧಾನ್ಯವಿದೆ? ಮಳೆಗಾಲ ಬರುವ ಮುನ್ನ ಅದಕ್ಕೆ ಯಾವ ಮಿತಿಯನ್ನು ಇಟ್ಟುಕೊಳ್ಳುವಿರಿ?